ಒಂದೇ ಮಾತ್ರೆಗೆ ಸನ್ಮಾನ!

ಮಾನ್ಯರೇ,

ನಮ್ಮ ವಾರ್ಡಿನ ಶಾಲೆಗಳಲ್ಲಿ ಜಂತುಹುಳ ನಿವಾರಣೆಯ ಗುರಿ ಮುಟ್ಟಿದವರಿಗೆ ಶಾಲು ಹೊದಿಸಿದ ವರದಿಯನ್ನು ನಾನು ಓದಿದ್ದು ಆರೋಗ್ಯ ಕೇಂದ್ರದ ಬೆಂಚಿನ ಮೇಲೆ, ಮೂರನೆಯ ಬಾರಿಗೆ ಸರದಿ ಕಾಯುತ್ತಾ. ಆಗಸ್ಟ್ 10ರಂದು ಶಾಲೆಯಲ್ಲಿ ಕೊಟ್ಟ ಜಂತುಹುಳದ ಮಾತ್ರೆ ನುಂಗಿದವರಲ್ಲಿ ನನ್ನ ಆರು ವರ್ಷದ ಮಗಳೂ ಒಬ್ಬಳು.

ತಿಂಗಳೊಳಗೆ ಮತ್ತೆ ಅದೇ ತುರಿಕೆ, ಅದೇ ನಿದ್ದೆಗೇಡು. ರಾತ್ರಿ ಟಾರ್ಚ್ ಹಿಡಿದು ನೋಡಿದರೆ ಗುದದ ಬಳಿ ಅರ್ಧ ಇಂಚೂ ಇಲ್ಲದ ಬಿಳಿ ನೂಲೆಳೆಯೊಂದು ಮಿಸುಕಾಡುತ್ತಿತ್ತು. ಆರೋಗ್ಯ ಕೇಂದ್ರದಲ್ಲಿ ಇದನ್ನು ಹೇಳಿದರೂ ಮಲ ಪರೀಕ್ಷೆಗೆ ಬರೆದುಕೊಟ್ಟರು. ಅರ್ಧ ದಿನದ ಸಂಬಳ ಕಳೆದುಕೊಂಡು, ಡಬ್ಬಿ ಹಿಡಿದು ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಬಸ್ಸು ಬದಲಿಸಿ ಹೋದದ್ದಕ್ಕೆ ಸಿಕ್ಕಿದ ಫಲ, 'ಹುಳ ಇಲ್ಲ' ಎಂಬ ಚೀಟಿ. ನನ್ನ ಕಣ್ಣೇ ಸುಳ್ಳು ಹೇಳಿರಬೇಕು! ನಾನು ಕಂಡ ಆ ನೂಲೆಳೆಯೇ ಸೂಜಿಹುಳ ಎಂಬ ಜಂತುಹುಳ. ಅದು ಮೊಟ್ಟೆಯಿಡುವುದು ರಾತ್ರಿ, ಗುದದ ಸುತ್ತಲಿನ ಚರ್ಮದ ಮೇಲೆ. ಮಲದಲ್ಲಿ ಅದು ಸಿಗುವುದು ಅಪರೂಪ. ಬೆಳಿಗ್ಗೆ ಕಕ್ಕಸಿಗೆ ಹೋಗುವ ಮೊದಲು, ಸ್ನಾನಕ್ಕೂ ಮೊದಲು, ಅಲ್ಲಿಗೆ ಪಾರದರ್ಶಕ ಟೇಪ್ ಒತ್ತಿ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು ಎಂಬುದನ್ನು ನನಗೆ ತಿಳಿಸಿದ್ದು ಕಾಸು ಕೊಟ್ಟು ಕಂಡ ಮಕ್ಕಳ ವೈದ್ಯರು. ಶಾಲೆಯಲ್ಲಿ ಕೊಟ್ಟ ಅಲ್ಬೆಂಡಜೋಲ್ ಮಾತ್ರೆ ಹುಳವನ್ನು ಕೊಲ್ಲುತ್ತದೆಯೇ ಹೊರತು ಮೊಟ್ಟೆಯನ್ನಲ್ಲ, ಆದ್ದರಿಂದ ಎರಡು ವಾರ ಬಿಟ್ಟು ಇನ್ನೊಮ್ಮೆ, ಅದೂ ಮನೆಮಂದಿಯೆಲ್ಲ ಒಟ್ಟಿಗೆ ನುಂಗಬೇಕೆಂದೂ ಅವರೇ ಹೇಳಿದರು. ಶಾಲೆಯಲ್ಲಿ ಮಾತ್ರೆ ಕೊಟ್ಟವರು ಈ ಒಂದು ಮಾತನ್ನು ಚೀಟಿಯಲ್ಲಿ ಬರೆದು ಕಳುಹಿಸಿದ್ದರೆ ಅವರ ಗಂಟೇನು ಹೋಗುತ್ತಿತ್ತು? ತುಳುನಾಡಿನ ಆಟಿ ತಿಂಗಳ ಅಮಾವಾಸ್ಯೆಗೆ ಪಾಲೆ ಮರದ ತೊಗಟೆಯ ಕಷಾಯ ಕುಡಿಸಲಿಲ್ಲವೇ ಎಂದು ಪಕ್ಕದ ಮನೆಯ ಅಜ್ಜಿಯಾದರೂ ವಿಚಾರಿಸಿದರು. ಇಲಾಖೆಯವರು ಅಷ್ಟೂ ಕೇಳಲಿಲ್ಲ.

ಉಗುರು ಕತ್ತರಿಸಿ, ದಿನವೂ ಬೆಳಿಗ್ಗೆ ಮೈ ತೊಳೆಸಿ, ಚಡ್ಡಿ, ಹೊದಿಕೆಗಳನ್ನು ಬಿಸಿನೀರಿನಲ್ಲಿ ಒಗೆಯಿರಿ ಎಂಬುದು ಸರಿಯಾದ ಸಲಹೆಯೇ, ಏಕೆಂದರೆ ಮೊಟ್ಟೆಗಳು ಬಟ್ಟೆಯ ಮೇಲೆ ಎರಡು ಮೂರು ವಾರ ಬದುಕಿರುತ್ತವೆ. ಆದರೆ ಮಳೆಗಾಲದಲ್ಲೂ ದಿನ ಬಿಟ್ಟು ದಿನ ನೀರು ಬರುವ ನಮ್ಮ ಬೀದಿಯಲ್ಲಿ ಐದು ಜನರ ಹೊದಿಕೆ ಒಗೆಯುವುದು ಹೇಗೆ, ಒಣಗಿಸುವುದೆಲ್ಲಿ? ಒಡೆದ ಪೈಪಿನ ಬಗ್ಗೆ ಎರಡು ವರ್ಷದ ಹಿಂದೆ ಕೊಟ್ಟ ಅರ್ಜಿ ಇಂದಿಗೂ 'ಪರಿಶೀಲನೆಯಲ್ಲಿದೆ'. ಮಗಳ ಶಾಲೆಯ ಶೌಚಾಲಯದಲ್ಲಿ ನಲ್ಲಿಯಿದೆ, ಸಾಬೂನಿಲ್ಲ. ಸಾಬೂನಿಟ್ಟ ದಿನ ನೀರಿಲ್ಲ.

ಸಂಬಂಧಪಟ್ಟವರು ಎರಡನೆಯ ಮಾತ್ರೆಗೆ ವ್ಯವಸ್ಥೆ ಮಾಡಲಿ, ಇಲ್ಲವೇ ನೀರನ್ನಾದರೂ ಕೊಡಲಿ. ಎರಡೂ ಆಗದಿದ್ದರೆ ಆ ಶಾಲುಗಳನ್ನಾದರೂ ಇತ್ತ ಕಳುಹಿಸಲಿ, ನಮ್ಮ ಹೊದಿಕೆಗಳು ಇನ್ನೂ ಒಣಗಿಲ್ಲ.

– ಓರ್ವ ತಾಯಿ, ಮಂಗಳೂರು