ಹೇನಿಗೆ ಸೀತಾಫಲದ ಬೀಜ: ಕಣ್ಣಿನ ಮಾತೂ ಬರೆಯಿರಿ

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ಪುರವಣಿಯಲ್ಲಿ ಹೇನಿಗೆ ಮನೆಮದ್ದು ಹೇಳಿದ್ದೀರಿ. ಸೀತಾಫಲದ ಬೀಜ ಒಣಗಿಸಿ, ಪುಡಿ ಮಾಡಿ, ಕೊಬ್ಬರಿ ಎಣ್ಣೆಯಲ್ಲಿ ಕಲಸಿ ತಲೆಗೆ ಹಚ್ಚಿ ಅಂತ. ಅದಕ್ಕೆ ಹೇನು ಸಾಯುವುದು ನಿಜ. ಆದರೆ ಕಣ್ಣಿಗೆ ಬಿದ್ದರೆ ಏನಾಗುತ್ತದೆ ಅಂತ ಒಂದು ಸಾಲೂ ಇರಲಿಲ್ಲ. ಅದಕ್ಕೇ ಈ ಪತ್ರ.

ನಮ್ಮದು ಶಿಡ್ಲಘಟ್ಟದ ಹತ್ತಿರ ಒಂದು ಹಳ್ಳಿ. ರೇಷ್ಮೆ ಹುಳು ಸಾಕುವ ಮನೆ. ಇಬ್ಬರು ಹೆಣ್ಣುಮಕ್ಕಳು, ನಾವಿಬ್ಬರು, ಅತ್ತೆ. ಹೋದ ವರ್ಷ ದಸರಾ ರಜೆಗೆ ಮುಂಚೆ ದೊಡ್ಡವಳು ತಲೆ ಕೆರೆದುಕೊಳ್ಳಲು ಶುರು ಮಾಡಿದಳು. ಸ್ವಲ್ಪ ದಿನಕ್ಕೆ ಐದು ವರ್ಷದ ಚಿಕ್ಕವಳೂ ಜೊತೆಯಾದಳು. ಅತ್ತೆ ಅಟ್ಟದ ಮೇಲಿಂದ ಬೀಜದ ಡಬ್ಬಿ ಇಳಿಸಿದರು. ಅವರ ಅಮ್ಮನ ಕಾಲದ ಮದ್ದು. ಹಚ್ಚಿ, ಹಳೇ ಪಂಚೆ ಹರಿದು ತಲೆಗೆ ಕಟ್ಟಿದೆವು. ದೊಡ್ಡವಳಿಗೆ ಏನೂ ಆಗಲಿಲ್ಲ. ಚಿಕ್ಕವಳಿಗೆ ಬಚ್ಚಲಲ್ಲಿ ನೀರು ಹುಯ್ಯುವಾಗ ಹಣೆ ಮೇಲಿಂದ ಎಡಗಣ್ಣಿಗೆ ಇಳಿಯಿತು.

ಸಂಜೆ ಹೊತ್ತಿಗೆ ಕಣ್ಣು ಕೆಂಡ. ರೆಪ್ಪೆ ಬಿಡಿಸಲು ಹೋದರೆ ಕಿರುಚುತ್ತಿದ್ದಳು. ದೀಪ ಹಾಕಿದರೂ ಆಗದು. ರಾತ್ರಿಯೆಲ್ಲ ನನ್ನ ಸೆರಗಿನೊಳಗೆ ಮುಖ ಮುಚ್ಚಿಕೊಂಡೇ ಇದ್ದಳು. ಬೆಳಗ್ಗೆ ಮೊದಲ ಬಸ್ಸಿಗೆ ಚಿಕ್ಕಬಳ್ಳಾಪುರಕ್ಕೆ ಓಡಿದೆವು. ಕಣ್ಣಿನ ಡಾಕ್ಟರು ಹಳದಿ ಬಣ್ಣದ ಹನಿ ಹಾಕಿ, ನೀಲಿ ಬೆಳಕು ಬಿಟ್ಟರು. ಕರಿಗುಡ್ಡೆ ಮೇಲೆ ಪೊರೆ ಸುಲಿದ ಜಾಗವೆಲ್ಲ ಹಸಿರಾಗಿ ಹೊಳೆಯಿತು. ‘ತಲೆಗೆ ಸೀತಾಫಲದ ಬೀಜ ಹಚ್ಚಿದ್ರಾ?’ ಅಂತ ಅವರೇ ಕೇಳಿದರು. ನಾವಿನ್ನೂ ಬಾಯಿ ಬಿಟ್ಟಿರಲಿಲ್ಲ. ಬಿದ್ದ ಕೂಡಲೇ ಬರೀ ನೀರಲ್ಲಿ ಚೆನ್ನಾಗಿ ತೊಳೆದು ಆಗಲೇ ಬರಬೇಕಿತ್ತು ಅಂತ ಬೈದರು. ನಾವು ತಂಪಾಗಲಿ ಅಂತ ಹರಳೆಣ್ಣೆ ಬಿಟ್ಟಿದ್ದೆವು! ಪುಣ್ಯಕ್ಕೆ ಐದಾರು ದಿನಕ್ಕೆ ವಾಸಿಯಾಯಿತು.

ಇಷ್ಟೆಲ್ಲ ಆಗಿ ಹೇನಾದರೂ ಹೋಯಿತಾ? ಇಲ್ಲ. ಸೀರು ಕೂದಲಿಗೆ ಹಾಗೇ ಅಂಟಿಕೊಂಡಿತ್ತು. ಹತ್ತು ದಿನಕ್ಕೆ ಒಡೆದು ಮತ್ತೆ ಅದೇ ಕಥೆ. ಮೆಡಿಕಲ್ ಸ್ಟೋರಿನಲ್ಲಿ ಪರ್ಮೆಥ್ರಿನ್ ಲೋಷನ್ ಕೊಟ್ಟರು. ಹತ್ತು ನಿಮಿಷ ಬಿಟ್ಟು ತೊಳೆಯಿರಿ, ಒಂಬತ್ತನೇ ದಿನ ಇನ್ನೊಂದು ಸಲ ಹಚ್ಚಿ ಅಂದರು. ಬೇರೆಯವರಿಗೆ ಅದು ಒಳ್ಳೇ ಔಷಧಿಯೇ. ನಮ್ಮಲ್ಲಿ ಆಗ ರೇಷ್ಮೆ ಹುಳು ಮೂರನೇ ಜ್ವರ ಎದ್ದಿತ್ತು. ಹುಳು ಪೊರೆ ಬಿಡುವುದಕ್ಕೆ ನಾವು ಜ್ವರ ಅಂತೀವಿ. ಪರ್ಮೆಥ್ರಿನ್ ಅಂದರೆ ಸೊಳ್ಳೆ ಪರದೆಗೂ ಹಾಕುವ ವಿಷ. ಕೈಗೆ ಅಂಟಿದ್ದು ಹುಳು ತಿನ್ನುವ ಸೊಪ್ಪಿಗೆ ತಾಗಿದರೆ ನಮ್ಮ ಬೆಳೆಯ ಗತಿ ಏನು? ಸೊಳ್ಳೆ ಬತ್ತಿ ಕೂಡ ಹಚ್ಚದ ಮನೆ ನಮ್ಮದು. ಬಾಟಲಿ ವಾಪಸ್ ಕೊಟ್ಟೆ.

ದಾರಿ ತೋರಿಸಿದವರು ಆರೋಗ್ಯ ಉಪಕೇಂದ್ರದ ಸಿಸ್ಟರ್. ತಲೆ ಒದ್ದೆ ಮಾಡಿ, ಕಂಡೀಷನರ್ ಧಾರಾಳವಾಗಿ ಹಚ್ಚಿ, ಹಲ್ಲು ಒತ್ತೊತ್ತಾಗಿರುವ ಸ್ಟೀಲಿನ ಹೇನು ಬಾಚಣಿಗೆಯಲ್ಲಿ ಬುಡದಿಂದ ತುದಿವರೆಗೆ ಬಾಚಬೇಕು. ಒಂದೊಂದು ಸಲ ಎಳೆದಾಗಲೂ ಬಿಳಿ ಬಟ್ಟೆಗೆ ಒರೆಸಿ ನೋಡಬೇಕು. 1, 5, 9, 13ನೇ ದಿನ ಬಾಚಿ, 17ನೇ ದಿನ ಪರೀಕ್ಷೆ. ಇವತ್ತು ಒಡೆದ ಮರಿ ಬಲಿತು ಸೀರು ಇಡುವುದರೊಳಗೆ ಬಾಚಣಿಗೆಗೆ ಸಿಗಬೇಕು, ಅಷ್ಟೇ ಲೆಕ್ಕ. ದಿನ ಎಣಿಸುವುದು ನಮಗೇನು ಹೊಸದಾ? ಹುಳುವಿಗೆ ನಾಲ್ಕು ಜ್ವರವಾದರೆ ಹೇನಿಗೆ ಮೂರು. ಕ್ಯಾಲೆಂಡರಿನಲ್ಲಿ ಹುಳು ಹಣ್ಣಾಗಿ ಗೂಡು ಕಟ್ಟುವ ದಿನದ ಪಕ್ಕದಲ್ಲೇ ಹೇನಿನ ದಿನವನ್ನೂ ಬರೆದೆ.

9ನೇ ದಿನ ಮಕ್ಕಳ ತಲೆಯಲ್ಲಿ ಮತ್ತೆ ದೊಡ್ಡ ಹೇನೇ ಸಿಕ್ಕಿತು. ಮರಿಯಲ್ಲ, ಬಲಿತದ್ದು. ಎಲ್ಲಿಂದ ಬಂತು? ಇಬ್ಬರೂ ಮಲಗುವುದು ಅಜ್ಜಿ ಪಕ್ಕ. ‘ನನ್ ತಲೇಲಿ ಏನೈತೆ, ನಾಲ್ಕು ಬಿಳಿ ಕೂದ್ಲು’ ಅಂತ ಅತ್ತೆ ತಲೆ ಮುಟ್ಟಲೇ ಬಿಡಲಿಲ್ಲ. ಜಗಲಿ ಮೇಲೆ ಕೂತು ಊರ ಮಕ್ಕಳಿಗೆಲ್ಲ ಹೇನು ನೋಡಿ, ಎರಡು ಹೆಬ್ಬೆರಳ ಉಗುರಿನ ನಡುವೆ ಟಿಕ್ ಅಂತ ಕುಕ್ಕುತ್ತಿದ್ದವರು ಅವರು. ಅವಮಾನ ಆಗುತ್ತೆ ಅಲ್ವಾ? ಕೊನೆಗೆ ಮೊಮ್ಮಗಳೇ ಪುಸಲಾಯಿಸಿ ಕೂರಿಸಿದಳು. ಬಿಳಿ ಕೂದಲಿನಲ್ಲಿ ಸೀರು ಕಾಣುವುದೇ ಇಲ್ಲ. ಬಟ್ಟೆಗೆ ಒರೆಸಿದರೆ ಹನ್ನೊಂದು ಹೇನು. ಅತ್ತೆ ಕನ್ನಡಕ ಹಾಕಿಕೊಂಡು ತಾವೇ ಎಣಿಸಿದರು. ಅವತ್ತಿನಿಂದ ಮನೆಮಂದಿಯೆಲ್ಲ ಬಾಚಿಸಿಕೊಂಡೆವು. ನಮ್ಮ ಯಜಮಾನರ ತಲೆಯಲ್ಲಿ ಕೂದಲೇ ಕಮ್ಮಿ, ಬೇಗ ಮುಗಿಯಿತು. ಅವತ್ತಿನಿಂದ ಲೆಕ್ಕ ಹಾಕಿ 17ನೇ ದಿನ ಬಟ್ಟೆ ಬೆಳ್ಳಗೇ ಉಳಿಯಿತು.

ಇನ್ನೊಂದು ಮಾತು. ಆ ದಿನಗಳಲ್ಲಿ ಶಾಲೆಯಲ್ಲಿ ದೊಡ್ಡವಳನ್ನು ಹಿಂದಿನ ಬೆಂಚಿನಲ್ಲಿ ಒಬ್ಬಳನ್ನೇ ಕೂರಿಸಿದ್ದರು. ಹೇನು ಹಾರುವುದಿಲ್ಲ, ನೆಗೆಯುವುದಿಲ್ಲ. ತಲೆಗೆ ತಲೆ ತಾಗಿದಾಗ ಹರಿದು ಹೋಗುತ್ತದೆ. ಗಲೀಜಿನಿಂದ ಬರುವುದೂ ಅಲ್ಲ. ಒಬ್ಬಳನ್ನು ದೂರ ಕೂರಿಸುವ ಬದಲು, ಇಡೀ ತರಗತಿಗೆ ಈ ಭಾನುವಾರ ಎಲ್ಲರೂ ಬಾಚಿಸಿಕೊಂಡು ಬನ್ನಿ ಅಂತ ಚೀಟಿ ಕಳಿಸಿದ್ದರೆ ಆಗುತ್ತಿತ್ತು.

ಈಗ ಚಿಂತಾಮಣಿ ರಸ್ತೆಯಲ್ಲಿ ಸೀತಾಫಲದ ಬುಟ್ಟಿಗಳು ಕಾಣಿಸಿಕೊಂಡಿವೆ. ಹಣ್ಣು ತಿಂದ ಮನೆಗಳಲ್ಲಿ ಬೀಜ ಒಣಗುತ್ತಿರುತ್ತದೆ. ಮುಂದಿನ ಭಾನುವಾರ ಅದೇ ಜಾಗದಲ್ಲಿ, ಅದೇ ದಪ್ಪಕ್ಷರದಲ್ಲಿ ಕಣ್ಣಿನ ವಿಷಯ ಹಾಕಿ. ನಮ್ಮ ಡಬ್ಬಿಯಲ್ಲಿ ಉಳಿದಿದ್ದನ್ನು ನಿಮ್ಮ ಪುರವಣಿ ಓದಿದ ದಿನವೇ ಗುಂಡಿ ತೋಡಿ ಮುಚ್ಚಿದೆ. ಅತ್ತೆ ಏನೂ ಅನ್ನಲಿಲ್ಲ.

ಮಗಳಿಗೆ ಶಾಲೆಯಲ್ಲಿ ತೊಂದರೆ ಆಗದಿರಲಿ ಅಂತ ಹೆಸರು ಬರೆದಿಲ್ಲ.

– ರೇಷ್ಮೆ ಬೆಳೆಗಾರ್ತಿ, ಶಿಡ್ಲಘಟ್ಟ ತಾಲ್ಲೂಕು