ಡಿಕ್ಕಿ ಇಲ್ಲದ ಕಾರು

ಕೊಲಂಬಸ್, ಒಹಾಯೊ
ಭಾನುವಾರ ಸಂಜೆ

ಪ್ರೀತಿಯ ಅಪ್ಪ, ಅಮ್ಮ,

ಹೋದ ವಾರ ಫೋನಿನಲ್ಲಿ ಕಾರಿನ ಮಾತು ಬಂದಾಗ ಅಪ್ಪ ಅರ್ಧಕ್ಕೇ ಎದ್ದು ತೋಟದ ಕಡೆ ಹೋಗಿಬಿಟ್ಟರು, ಮಂಜ ಕಿಸಕಿಸ ನಗುತ್ತಾ ಫೋನ್ ಇಟ್ಟ. ಅದಕ್ಕೆ ಈ ಪತ್ರ. ಬರೆದರೆ ಮಧ್ಯದಲ್ಲಿ ಬಾಯಿ ಹಾಕೋಕೆ ಯಾರಿಗೂ ಆಗಲ್ಲ. ಅಪ್ಪ, ಪೂರ್ತಿ ಓದಿ, ಆಮೇಲೆ ಬೈಯಿರಿ.

ಮೊದಲು ಸುದ್ದಿ. ಕಾರು ತಗೊಂಡಾಯಿತು. ಹೌದು, ಡಿಕ್ಕಿ ಇಲ್ಲದ್ದೇ, ಹ್ಯಾಚ್‌ಬ್ಯಾಕ್. 2016ರ ಹೋಂಡಾ ಫಿಟ್, 78,000 ಮೈಲಿ ಓಡಿದೆ, ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು 1,25,000 ಕಿಲೋಮೀಟರ್. ಗಾಬರಿ ಆಗಬೇಡಿ. ನಮ್ಮಲ್ಲಿ ಜಾಝ್ ಅಂತ ಮಾರುತ್ತಿದ್ದರಲ್ಲ, ತಿಪಟೂರಿನ ಬ್ಯಾಂಕ್ ಮ್ಯಾನೇಜರ್ ಹತ್ತಿರ ಇತ್ತಲ್ಲ, ಅದೇ ಕಾರಿಗೆ ಇಲ್ಲಿ ಫಿಟ್ ಅಂತ ಹೆಸರು. ಅಮೆರಿಕದಲ್ಲಿ 2020ರ ಮಾಡೆಲ್ ಆದಮೇಲೆ ನಿಲ್ಲಿಸಿಬಿಟ್ಟರು. ಹಾಗಾಗಿ ಬೇಕು ಅಂದರೆ ಸೆಕೆಂಡ್ ಹ್ಯಾಂಡೇ ಗತಿ.

ಕಾರು ಯಾಕೆ ಬೇಕಿತ್ತು ಅಂತ ಮತ್ತೆ ಕೇಳಬೇಡಿ. ಲ್ಯಾಬಿನ ರಾತ್ರಿ ಪಾಳಿ ಮುಗಿಸಿ ಜನವರಿ ಹಿಮದಲ್ಲಿ ಬಸ್ಸಿಗೆ ನಲವತ್ತು ನಿಮಿಷ ಕಾದರೆ ನಿಮಗೂ ಗೊತ್ತಾಗುತ್ತದೆ. ಲೈಸೆನ್ಸ್ ಬಂದಿದ್ದೂ ನವೆಂಬರಿನಲ್ಲೇ. ನಮ್ಮಲ್ಲಿ ಆರ್‌ಟಿಒದವರು ಎಂಟು ಹಾಕಿಸುತ್ತಾರಲ್ಲ, ಒಹಾಯೊದಲ್ಲಿ ಹಾಗೇ ಐದು ಕೋನ್ ನಿಲ್ಲಿಸಿರುತ್ತಾರೆ, ನಾಲ್ಕು ಕೋನಿನ ನಡುವಿನ 9 ಅಡಿ ಅಗಲ 20 ಅಡಿ ಉದ್ದದ ಜಾಗದಿಂದ ಮುಂದೆ ಹೋಗಿ ಐದನೇ ಕೋನಿನ ಪಕ್ಕಕ್ಕೆ ತಿರುಗಿಸಿ ಮತ್ತೆ ರಿವರ್ಸಿನಲ್ಲಿ ಅದೇ ದಾರಿಯಲ್ಲಿ ವಾಪಸ್ ಬರಬೇಕು. ಗೆಳತಿಯ ಕಾರಿನಲ್ಲಿ ಮಾಡಿದೆ. ಇಂಡಿಕೇಟರ್ ಹಾಕಲು ಹೋಗಿ ಎರಡು ಸಲ ವೈಪರ್ ಹಾಕಿದೆ, ನಮ್ಮ ವ್ಯಾಗನ್‌ಆರ್ ಅಭ್ಯಾಸ. ಪರೀಕ್ಷೆ ಮಾಡುವವರು ಏನೂ ಅನ್ನಲಿಲ್ಲ, ಸುಮ್ನೆ ಕಿಟಕಿ ಕಡೆ ನೋಡಿದರು.

ಈಗ ಅಪ್ಪನ ವಾದಕ್ಕೆ ಬರುತ್ತೇನೆ. ನೀವು ಹೇಳಿದ್ದು ಮೂರು ಮಾತು: ಡಿಕ್ಕಿ ಇಲ್ಲದ ಕಾರಿಗೆ ಗೌರವ ಇಲ್ಲ, ಹಿಂದಿನಿಂದ ಯಾರಾದರೂ ಗುದ್ದಿದರೆ ಡಿಕ್ಕಿಯೇ ಕಾಪಾಡೋದು, ಸಾಮಾನು ಎಲ್ಲಿ ಇಡ್ತೀಯ. ಚಿಕ್ಕಪ್ಪ ಬಿಡದಿಯ ಟೊಯೋಟಾ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು, ಅವರಂತೂ ಟೊಯೋಟಾ ಬಿಟ್ಟು ಬೇರೆ ಹೆಸರು ಕೇಳಲ್ಲ. ನಿಮ್ಮಿಬ್ಬರ ಮಾತು ತಳ್ಳಿಹಾಕಲಿಲ್ಲ ಅಪ್ಪ. ನಿಜವಾಗಿಯೂ ಒಂದು ಕೊರೊಲ್ಲಾ ನೋಡಿದೆ, ಟೊಯೋಟಾದ ಡಿಕ್ಕಿ ಇರೋ ಸೆಡಾನ್, 2017ರದ್ದು, ಬೆಳ್ಳಿ ಬಣ್ಣ. ಸುಮಾರು ಮೂರು ವಾರ ಎರಡರ ನಡುವೆ ಒದ್ದಾಡಿದೆ.

ಗೌರವದ ಮಾತು ಬಿಡಿ. ಇಲ್ಲಿ ಯಾವ ಕಾರಿನಲ್ಲಿ ಬಂದಿದ್ದೀಯ ಅಂತ ಯಾರೂ ಬಾಗಿಲಲ್ಲಿ ನಿಂತು ನೋಡಲ್ಲ. ನಮ್ಮಲ್ಲಿ ಸೆಡಾನಿಗೆ ಇರೋ ಗತ್ತಿನಿಂದ ತಾನೇ, ನಾಲ್ಕು ಮೀಟರ್ ಒಳಗಿದ್ದರೆ ತೆರಿಗೆ ಕಡಿಮೆ ಅಂತ 2012ರಲ್ಲಿ ಡಿಜೈರಿನ ಡಿಕ್ಕಿಯನ್ನೇ ಮೊಟಕು ಮಾಡಿ ಆದರೂ ಸೆಡಾನ್ ಅಂತ ಮಾರಿದ್ದು. ಇಲ್ಲಿ ಅಂಥ ಲೆಕ್ಕ ಇಲ್ಲ. ಇವರು ಚಿಕ್ಕ ಸೆಡಾನ್ ಅನ್ನೋ ಕೊರೊಲ್ಲಾ 4.65 ಮೀಟರ್ ಉದ್ದ ಇದೆ. ನಮ್ಮ ಮನೆ ಮುಂದಿನ ಶೆಡ್ಡಿಗೆ ಹಾಕಿದರೆ ಮೂತಿ ಆಚೆ ಇರುತ್ತದೆ. ಫಿಟ್ 4.06 ಮೀಟರ್.

ಎರಡನೇ ಮಾತಲ್ಲಿ ನೀವು ಹೇಳಿದ್ದು ಸರಿ, ಒಪ್ಪಿಕೊಳ್ಳುತ್ತೇನೆ. ಭಾರದ ಕಾರು, ಉದ್ದದ ಕಾರು ಗುದ್ದಾಟದಲ್ಲಿ ಒಂದು ಕೈ ಮೇಲೆ. ಆದರೆ ಇಲ್ಲಿ ರಸ್ತೆ ತುಂಬ ಪಿಕಪ್ ಟ್ರಕ್ಕುಗಳು, ಒಂದೊಂದು ಎರಡು ಟನ್ ಮೇಲೆ. ಅದರ ಮುಂದೆ ಸುಮಾರು 1,170 ಕಿಲೋದ ಫಿಟ್ ಆದರೇನು, 1,290 ಕಿಲೋದ ಕೊರೊಲ್ಲಾ ಆದರೇನು, ಎರಡೂ ಇರುವೆಯೇ. ನನಗೆ ಹೆಚ್ಚು ಹೊಟ್ಟೆ ಉರಿಸಿದ್ದು ಬೇರೆ ವಿಷಯ. 2017ರಿಂದ ಟೊಯೋಟಾದವರು ಕೊರೊಲ್ಲಾದ ಎಲ್ಲ ಮಾಡೆಲಿಗೂ ತಾನೇ ಬ್ರೇಕ್ ಹಾಕುವ ವ್ಯವಸ್ಥೆ ಕೊಟ್ಟಿದ್ದಾರೆ. ಮುಂದಿನ ಕಾರು ಗಕ್ಕಂತ ನಿಂತರೆ, ನೀವು ನೋಡದಿದ್ದರೂ ಇದು ನೋಡುತ್ತದೆ. ರಾತ್ರಿ ಪಾಳಿ ಮುಗಿಸಿ ತೂಕಡಿಸುತ್ತಾ ಬರೋಳಿಗೆ ಅದು ಸಣ್ಣ ವಿಷಯ ಅಲ್ಲ. 2016ರ ಫಿಟ್‌ನಲ್ಲಿ ಅದು ಇಲ್ಲ. ಇದನ್ನ ನೀವು ಕೇಳಿರಲಿಲ್ಲ, ನಾನಾಗೇ ಹೇಳುತ್ತಿದ್ದೇನೆ, ನೋಡಿ.

ಮೈಲೇಜ್ ಎಷ್ಟು ಅಂತ ಕೇಳೇ ಕೇಳ್ತೀರಿ. ಫಿಟ್‌ಗೆ ಸರ್ಕಾರದ ಲೆಕ್ಕ ಗ್ಯಾಲನಿಗೆ 36 ಮೈಲಿ, ಅಂದರೆ ಲೀಟರಿಗೆ 15 ಕಿಲೋಮೀಟರ್ ಚಿಲ್ಲರೆ. ನಾನು ನೋಡಿದ ಕೊರೊಲ್ಲಾಗೆ 32 ಮೈಲಿ, ಹದಿಮೂರೂವರೆ ಕಿಲೋಮೀಟರ್. ದೊಡ್ಡ ವ್ಯತ್ಯಾಸ ಅನಿಸುತ್ತದೆ ಅಲ್ವಾ? ವರ್ಷಕ್ಕೆ 10,000 ಮೈಲಿ ಓಡಿಸಿದರೂ ಉಳಿಯೋದು 35 ಗ್ಯಾಲನ್ ಅಷ್ಟೇ, ಒಂದು ಒಳ್ಳೆ ಜಾಕೆಟ್ಟಿನ ದುಡ್ಡು. ಇನ್ಶೂರೆನ್ಸ್ ಕೇಳಿದೆ, ಎರಡಕ್ಕೂ ಹೆಚ್ಚು ಕಡಿಮೆ ಒಂದೇ ರೇಟು, ಎರಡೂ ದುಬಾರಿ. ನೀವು ಕಲಿಸಿದ ಅಷ್ಟು ವರ್ಷದ ಡ್ರೈವಿಂಗ್ ನನಗೆ ರೇಟು ಹೇಳಿದವರ ಲೆಕ್ಕಕ್ಕೇ ಬರಲಿಲ್ಲ. ಒಹಾಯೊದಲ್ಲಿ ಕನಿಷ್ಠ ಅಂದರೆ ಎದುರಿನ ಒಬ್ಬರಿಗೆ ಪೆಟ್ಟಾದರೆ 25,000 ಡಾಲರ್, ಎಲ್ಲರಿಗೂ ಸೇರಿ 50,000, ಗಾಡಿ ಗೋಡೆ ಹಾಳಾದರೆ 25,000. ಇಲ್ಲಿನ ಆಸ್ಪತ್ರೆ ಬಿಲ್ ಗೊತ್ತಿರೋದರಿಂದ ನಾನು ಅದಕ್ಕಿಂತ ಜಾಸ್ತಿಯೇ ಮಾಡಿಸಿದೆ.

ಓಡಿಸಿ ನೋಡಿದಾಗ ಕೊರೊಲ್ಲಾ ಗೆದ್ದಿತು, ಅನುಮಾನವೇ ಬೇಡ. ಊರು ಸುತ್ತ ಇರೋ 270 ಹೆದ್ದಾರಿಯಲ್ಲಿ ಗಂಟೆಗೆ 65 ಮೈಲಿ ಹೋಗುವಾಗ ಕೊರೊಲ್ಲಾ ಒಳಗೆ ಅಮ್ಮನ ಮಾತು ಕೇಳುತ್ತದೆ. ಫಿಟ್‌ನಲ್ಲಿ ಹೆದ್ದಾರಿಗೆ ಸೇರುವಾಗ ಕಾಲು ಒತ್ತಿದರೆ ಮಿಕ್ಸಿ ಹಾಕಿದ ಹಾಗೆ ಕಿರುಚುತ್ತದೆ, ಪಕ್ಕದಲ್ಲಿ ಉದ್ದ ಲಾರಿ ಹಾದರೆ ಸ್ವಲ್ಪ ಅಲ್ಲಾಡುತ್ತದೆ ಕೂಡ. ಆದರೆ ಊರೊಳಗೆ, ನನ್ನ ಅಪಾರ್ಟ್‌ಮೆಂಟಿನ ಇಕ್ಕಟ್ಟು ಪಾರ್ಕಿಂಗಿನಲ್ಲಿ, ಒಂದೇ ಸಲಕ್ಕೆ ಒಳಗೆ ಹೋಗುತ್ತದೆ.

ಸಾಮಾನಿನ ವಿಷಯಕ್ಕೆ ಬಂದರೆ, ಅಪ್ಪ, ನೀವು ಈ ಪ್ರಶ್ನೆ ಕೇಳೋದೇ ನನಗೆ ನಗು. ಹದಿನಾಲ್ಕು ವರ್ಷ ವ್ಯಾಗನ್‌ಆರ್ ಹಿಂದಿನ ಸೀಟು ಮಡಚಿ ಕೊಬ್ಬರಿ ಮೂಟೆ ಹೇರಿಕೊಂಡು ತಿಪಟೂರು ಮಾರ್ಕೆಟ್ಟಿಗೆ ಹೋದವರು ಯಾರು? ಅಜ್ಜಿಯ ಬೀರು ತಂದಿದ್ದು ಯಾವುದರಲ್ಲಿ? ಡಿಕ್ಕಿ ಇರೋ ಕಾರಿನಲ್ಲಿ ಬೀರು ಬರುತ್ತಿತ್ತಾ? ಈ ಫಿಟ್‌ನಲ್ಲಿ ಪೆಟ್ರೋಲ್ ಟ್ಯಾಂಕ್ ಮುಂದಿನ ಸೀಟಿನ ಕೆಳಗಿದೆ. ಹಾಗಾಗಿ ಹಿಂದಿನ ಸೀಟಿನ ಕೂರುವ ಭಾಗವನ್ನೇ ಸಿನಿಮಾ ಟಾಕೀಸಿನ ಕುರ್ಚಿ ಹಾಗೆ ಮೇಲೆತ್ತಬಹುದು, ಕೆಳಗೆ ನೆಲ ಸಪಾಟು. ಗೆಳತಿ ಕೊಟ್ಟ ಕರಿಬೇವಿನ ಕುಂಡ ಅಲ್ಲಿ ಬಗ್ಗದೆ ನಿಂತುಕೊಂಡು ಬಂತು. ಪುಸ್ತಕದ ಲೆಕ್ಕದಲ್ಲಿ ಕೊರೊಲ್ಲಾ ಡಿಕ್ಕಿ 13 ಘನ ಅಡಿ, ಫಿಟ್ ಹಿಂದಿನ ಜಾಗ 16.6, ಸೀಟು ಮಡಚಿದರೆ 50 ದಾಟುತ್ತದೆ. ಒಂದೇ ಕೊರತೆ, ಏನಿಟ್ಟರೂ ಹೊರಗಿನಿಂದ ಕಾಣುತ್ತದೆ. ಡಿಕ್ಕಿಯಾದರೆ ಮುಚ್ಚಿ ಬೀಗ ಹಾಕಿದರೆ ಮುಗೀತು.

ಇಷ್ಟೆಲ್ಲ ಕೂಡಿ ಕಳೆದು ನೋಡಿದರೆ ನಾನು ಕೊರೊಲ್ಲಾ ತಗೋಬೇಕಿತ್ತು. ಮನಸ್ಸು ಹಾಗೇ ಮಾಡಿದ್ದೆ. 12,900 ಡಾಲರ್ ಅಂದಿದ್ದರು. ಹೊರಗೆ ಫಳಫಳ, ಒಳಗೆ ಸುವಾಸನೆ. ಮಂಜ ಹೇಳಿದ್ದ, ಅಕ್ಕಾ, ದುಡ್ಡು ಕೊಡೋ ಮೊದಲು ನಿನ್ನದೇ ಮೆಕ್ಯಾನಿಕ್ ಹತ್ತಿರ ತೋರಿಸು ಅಂತ. ಕಾರು ಮಾರುವವರು ಯಾಕೆ ಮೇಡಂ, ನಾವೇ ಚೆಕ್ ಮಾಡಿದ್ದೇವೆ ಅಂತ ಎರಡು ಸಲ ಹೇಳಿದರು. ಆಗಲೇ ನನಗೆ ಮೂಗಿಗೆ ಬಡಿಯಿತು. 150 ಡಾಲರ್ ಕೊಟ್ಟು ಮೆಕ್ಯಾನಿಕ್ ಹತ್ತಿರ ಲಿಫ್ಟ್ ಮೇಲೆ ಏರಿಸಿದೆ.

ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ, ಹಿಮ ಕರಗಲಿ ಅಂತ. ಆ ಉಪ್ಪುನೀರು ಕಾರಿನ ಹೊಟ್ಟೆಗೆ ಹತ್ತಿ ಕಬ್ಬಿಣ ತಿನ್ನುತ್ತದೆ. ಅಮೆರಿಕದ ದಕ್ಷಿಣದ ಬೆಚ್ಚಗಿನ ರಾಜ್ಯಗಳ ಕಾರಿಗೂ ಇಲ್ಲಿನ ಕಾರಿಗೂ ವಯಸ್ಸು ಒಂದೇ ಆದರೂ ಹೊಟ್ಟೆ ಒಂದೇ ಅಲ್ಲ. ಮೆಕ್ಯಾನಿಕ್ ಟಾರ್ಚ್ ಹಿಡಿದು ತೋರಿಸಿದ: ಬ್ರೇಕ್ ಎಣ್ಣೆ ಹೋಗುವ ಪೈಪುಗಳ ಮೇಲೆ ತುಕ್ಕು, ಅದರ ಮೇಲೆ ಹೊಸದಾಗಿ ಬಳಿದ ಕಪ್ಪು ಬಣ್ಣ. ಸ್ಕ್ರೂಡ್ರೈವರಿನಲ್ಲಿ ಮೆಲ್ಲಗೆ ಕೆರೆದ, ಹಪ್ಪಳದ ಹಾಗೆ ಪುಡಿ ಉದುರಿತು. ಎಡಗಡೆ ಮಡ್ಗಾರ್ಡೂ ಬಣ್ಣ ಬಳಿದದ್ದೇ. ತುಕ್ಕು ಹಿಡಿದರೆ ತಪ್ಪಲ್ಲ, ಇಲ್ಲಿ ಹಿಡಿಯುವುದೇ. ಮುಚ್ಚಿಟ್ಟಿದ್ದಾರಲ್ಲ, ಇನ್ನೇನು ಮುಚ್ಚಿಟ್ಟಿದ್ದಾರೋ ಅಂದ ಅವನು. ತಾನೇ ಬ್ರೇಕ್ ಹಾಕುವ ಕಾರು, ಆದರೆ ಬ್ರೇಕ್ ಪೈಪೇ ಇವತ್ತೋ ನಾಳೆಯೋ ಅಂತಿದೆ. ಕಾರು ಬಿಟ್ಟು ಬಂದೆ. 150 ಡಾಲರ್ ಹೋಯಿತು ಅಂತ ಬೇಜಾರು ಆಗಲೇ ಇಲ್ಲ.

ಚಿಕ್ಕಪ್ಪನಿಗೆ ಹೇಳಿ, ಇದು ಟೊಯೋಟಾದ ತಪ್ಪಲ್ಲ. ಸೆಕೆಂಡ್ ಹ್ಯಾಂಡ್ ತಗೊಳ್ಳುವಾಗ ಹ್ಯಾಚ್‌ಬ್ಯಾಕಾ ಸೆಡಾನಾ ಅನ್ನೋ ಪ್ರಶ್ನೆ ಸ್ವಲ್ಪ ದೂರದ ತನಕ ಅಷ್ಟೇ ಬರುತ್ತದೆ. ಆಮೇಲೆ ನಿಮ್ಮ ಕಣ್ಣ ಮುಂದೆ ಇರೋದು ಈ ಒಂದು ಕಾರು, ಆ ಇನ್ನೊಂದು ಕಾರು, ಯಾರು ಹೇಗೆ ಇಟ್ಟುಕೊಂಡಿದ್ದರು ಅನ್ನೋದು.

ಫಿಟ್ ಇದ್ದದ್ದು ವೆಸ್ಟರ್‌ವಿಲ್ ಕಡೆ, ನಿವೃತ್ತ ಮೇಷ್ಟ್ರೊಬ್ಬರ ಮನೆಯಲ್ಲಿ. ಒಬ್ಬರೇ ಓಡಿಸಿದ್ದು, ಗ್ಯಾರೇಜಿನ ಒಳಗೇ ನಿಲ್ಲಿಸಿದ್ದು. ಅಪ್ಪ ಟ್ರ್ಯಾಕ್ಟರಿನ ಬಿಲ್ ಎಲ್ಲ ದಾರದಲ್ಲಿ ಪೋಣಿಸಿ ಇಡ್ತಾರಲ್ಲ, ಅವರೂ ಹಾಗೇ ಒಂದು ಫೈಲ್ ಇಟ್ಟಿದ್ದರು: ಎಣ್ಣೆ ಯಾವಾಗ ಬದಲಾಯಿಸಿದ್ದು, ಗೇರ್‌ಬಾಕ್ಸ್ ಎಣ್ಣೆ ಯಾವಾಗ, ಚಳಿಗಾಲದಲ್ಲಿ ಹೊಟ್ಟೆ ತೊಳೆಸಿದ ಚೀಟಿ ಕೂಡ. ಅದೇ ಮೆಕ್ಯಾನಿಕ್ ಮತ್ತೆ 150 ತಗೊಂಡು ನೋಡಿದ, ತುಕ್ಕು ಇದೆ, ಮೇಲುಮೇಲೆ, ಮುಂದಿನ ಬ್ರೇಕ್ ಪ್ಯಾಡ್ ಈ ವರ್ಷ ಬದಲಾಯಿಸು ಅಂದ. ಕಾರಿನ ಚಾಸಿಸ್ ನಂಬರನ್ನು ಸರ್ಕಾರದ ವೆಬ್‌ಸೈಟಿನಲ್ಲಿ ಹಾಕಿ ಏರ್‌ಬ್ಯಾಗ್ ರೀಕಾಲ್, ಅಂದರೆ ಕಂಪನಿಯವರೇ ವಾಪಸ್ ಕರೆದು ಸರಿಮಾಡಿಕೊಡೋದು, ಏನಾದರೂ ಬಾಕಿ ಇದೆಯಾ ಅಂತಲೂ ನೋಡಿದೆ, ಇಲ್ಲ. ಆ ನಂಬರ್ 3ರಿಂದ ಶುರುವಾಗುತ್ತದೆ, ಅಂದರೆ ಮೆಕ್ಸಿಕೋದಲ್ಲಿ ತಯಾರಾದದ್ದು. ಟೈರಿನ ಪಕ್ಕೆಯಲ್ಲಿ ನಾಲ್ಕು ಅಂಕಿ ಇರುತ್ತವೆ ಅಪ್ಪ, 3222 ಅಂದರೆ 2022ರ 32ನೇ ವಾರ ತಯಾರಾದ ಟೈರು. ನಮ್ಮ ವ್ಯಾಗನ್‌ಆರ್ ಟೈರಲ್ಲೂ ಇರುತ್ತೆ, ಹೋಗಿ ನೋಡಿ. ನನಗೆ ಅದು ಎಷ್ಟು ಹಳೇದು ಅಂತ ಭಯ ಇದೆ.

11,400 ಹೇಳಿದರು, 10,900ಕ್ಕೆ ಕೊಟ್ಟರು. ನಮ್ಮ ಆರ್‌ಸಿ ಬುಕ್ಕಿನ ಹಾಗೆ ಇಲ್ಲಿ ಟೈಟಲ್ ಅಂತ ಒಂದು ಕಾಗದ. ಒಹಾಯೊದಲ್ಲಿ ಅದಕ್ಕೆ ಮಾರುವವರು ನೋಟರಿ ಮುಂದೆಯೇ ಸಹಿ ಹಾಕಬೇಕು. ಇಬ್ಬರೂ ಬ್ಯಾಂಕಿಗೆ ಹೋದೆವು, ಮೀಟರಿನ ಮೈಲಿ ಬರೆದರು, ಬೆಲೆ ಬರೆದರು, ಸಹಿ ಹಾಕಿದರು. ತೆರಿಗೆ ಕೊಡೋದು ಕೌಂಟಿಯ, ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ, ಟೈಟಲ್ ಆಫೀಸಿನಲ್ಲಿ, ರಾಜ್ಯದ 5.75 ಪರ್ಸೆಂಟ್ ಮೇಲೆ ಕೌಂಟಿಯವರದ್ದೂ ಒಂದಿಷ್ಟು. ಮಧ್ಯಾಹ್ನದೊಳಗೆ ಎಲ್ಲ ಮುಗಿದು ನಂಬರ್ ಪ್ಲೇಟ್ ಕೈಗೆ ಬಂತು. ಹಿಂದೆ ಮಾತ್ರ ಹಾಕಿದರೆ ಸಾಕು, ಮುಂದಿನದು 2020ರಲ್ಲಿ ತೆಗೆದುಬಿಟ್ಟಿದ್ದಾರೆ. ಮೇಷ್ಟ್ರು ಕೀ ಕೊಟ್ಟು, ಬಾನೆಟ್ ಮೇಲೆ ಒಂದು ಸಲ ಕೈಯಿಟ್ಟು, ಏನೂ ಹೇಳದೆ ಹೋದರು. ನೀವು ಹಳೇ ಎತ್ತು ಮಾರಿದ ದಿನ ನೆನಪಾಯಿತು.

ಅಮ್ಮ, ನಿನಗೆ ಬಣ್ಣ ಬೇಕಲ್ವಾ? ನೀಲಿ, ಸ್ವಲ್ಪ ಮಾಸಲು. ಮುಂದಿನ ಶನಿವಾರ ಪೊವೆಲ್‌ನ ಭಾರತೀಯ ಹಿಂದೂ ದೇವಸ್ಥಾನಕ್ಕೆ ಹೋಗಿ ಪೂಜೆ ಮಾಡಿಸುತ್ತೇನೆ, ನಿಂಬೆಹಣ್ಣು ತಗೊಂಡಿದ್ದೇನೆ. ಇನ್ನೊಂದು ವಿಷಯ ನಾನು ಮೆಕ್ಯಾನಿಕ್‌ಗೂ ಹೇಳಲಿಲ್ಲ. ಕೊರೊಲ್ಲಾದಲ್ಲಿ ಕೂರೋದು ಅಂದರೆ ಮಣೆ ಮೇಲೆ ಕೂತ ಹಾಗೆ, ಕೆಳಗೆ ಇಳಿಯಬೇಕು, ಏಳುವಾಗ ಮಂಡಿ ಮೇಲೆ ಕೈ ಊರಬೇಕು. ಫಿಟ್‌ನಲ್ಲಿ ಸೀಟು ಸ್ವಲ್ಪ ಎತ್ತರ, ಬಾಗಿಲು ತೆರೆದು ಪಕ್ಕಕ್ಕೆ ಜರುಗಿ ಕೂತರೆ ಆಯಿತು. ಎರಡರಲ್ಲೂ ನಿನ್ನ ಹಾಗೆ ನಿಧಾನಕ್ಕೆ ಹತ್ತಿ ಇಳಿದು ನೋಡಿದೆ, ಮಾರುವವರು ನನಗೇ ಮಂಡಿ ನೋವು ಅಂದುಕೊಂಡಿರಬೇಕು.

ಮೇ ತಿಂಗಳಲ್ಲಿ ನೀವು ಬಂದಾಗ ವಿಮಾನ ನಿಲ್ದಾಣಕ್ಕೆ ಇದರಲ್ಲೇ ಬರುತ್ತೇನೆ. ಅಮ್ಮ ಮುಂದೆ. ಹಿಂದಿನ ಸೀಟಿನ ಒಂದು ಭಾಗ ಮಡಚಬೇಕಾಗುತ್ತದೆ, ಆದ್ದರಿಂದ ಅಪ್ಪ, ನೀವು ಹಿಂದೆ, ಸೂಟ್‌ಕೇಸ್ ಪಕ್ಕ. ನಾನು ಇಲ್ಲಿ ಟೇಪ್ ಹಿಡಿದು ಒಳಗೆಲ್ಲ ಅಳೆದಿಟ್ಟಿದ್ದೇನೆ. ಅಟ್ಟದ ಮೇಲಿರೋ ಆ ನಾಲ್ಕು ಸೂಟ್‌ಕೇಸ್ ಇಳಿಸಿ, ಚಕ್ರ ಸೇರಿಸಿ ಉದ್ದ ಅಗಲ ಎತ್ತರ ಅಳೆದು ಮಂಜನ ಕೈಲಿ ಕಳಿಸಿ. ಆ ಕಂದು ಬಣ್ಣದ ದೊಡ್ಡದು ಮಾತ್ರ ಬೇಡ ಅಂತ ಅನಿಸುತ್ತಿದೆ, ಆದರೂ ಅಳೆಯಿರಿ.

ನಿಮ್ಮ
ಚಿನ್ನಿ