ಗ್ಯಾಸ್ಟ್ರಿಕ್ ಅಂದ್ಕೊಂಡು ಕೂತಿರೋ ಗೆಳೆಯನಿಗೆ

ಪ್ರೀತಿಯ ಗೆಳೆಯಾ,

ನಿನ್ನೆ ರಾತ್ರಿ ತಂಗಿ ಫೋನ್ ಮಾಡಿದ್ಲು. ನಿನಗೆ ಕೇಳದ ಹಾಗೆ ಹಿತ್ತಿಲಿಗೆ ಬಂದು ಮಾತಾಡ್ತಿದ್ಲು ಅನ್ಸುತ್ತೆ, ಮಧ್ಯೆ ಮಧ್ಯೆ ಹಸು ಕೂಗೋದು ಕೇಳಿಸ್ತಿತ್ತು. "ಅಣ್ಣಾ, ಇವರು ಊಟಕ್ಕೆ ಕೂತ್ರೆ ನಾಕು ತುತ್ತಿಗೇ ಎದ್ದು ಬಿಡ್ತಾರೆ. ರಾತ್ರಿ ಎದ್ದು ಕೂತ್ಕೋತಾರೆ. ಕೇಳಿದ್ರೆ ಗ್ಯಾಸ್ಟ್ರಿಕ್ ಅಂತಾರೆ. ನೀವಾದ್ರೂ ಹೇಳಿ" ಅಂದ್ಲು. ಫೋನ್ ಇಟ್ಟ ಮೇಲೆ ನನಗೆ ನಿದ್ದೆ ಹತ್ತಲಿಲ್ಲ. ಹೋದ ವರ್ಷ ನಮ್ಮನೆಯವಳೂ ಹೀಗೇ ಅವಳಣ್ಣನ ಹತ್ರ ಹೇಳ್ಕೊಂಡು ಅತ್ತಿದ್ಲಂತೆ. ಅದು ನನಗೆ ಗೊತ್ತಾಗಿದ್ದು ಆಸ್ಪತ್ರೆ ಮಂಚದ ಮೇಲೆ ಮಲಗಿದಾಗ.

ಫೋನಲ್ಲಿ ಹೇಳಿದ್ರೆ "ಆಯ್ತು ಬಿಡೋ ಮಾರಾಯಾ" ಅಂತ ಮಾತು ತಿರುಗಿಸ್ತೀಯ, ಅದಕ್ಕೇ ಬರೀತಿದ್ದೀನಿ. ಎಲ್ಲರಿಗೂ ಕಾಣೋ ಹಾಗೆ ಹಾಕ್ತಿದ್ದೀನಿ, ನಿನ್ನ ಹೆಸರು ಬರೆದಿಲ್ಲ. ಹೊಟ್ಟೆ ಹಿಡ್ಕೊಂಡು "ಗ್ಯಾಸ್ಟ್ರಿಕ್" ಅಂತ ಕೂತಿರೋನು ನೀನೊಬ್ಬನೇ ಅಲ್ಲ ಅಂತ ನನಗೆ ಗೊತ್ತು.

ನನಗೆ ಶುರುವಾಗಿದ್ದು ಮಂಡಿನೋವಿಂದ. ನಾನು ಕೆಲಸ ಮಾಡೋ ಕಾಫಿ ತೋಟ ನೀನು ನೋಡಿದ್ದೀಯಲ್ಲ, ಚಿಕ್ಕಮಗಳೂರಿನ ಹತ್ರ ಆಲ್ದೂರಿನ ಮೇಲೆ, ಕಾಲಿಟ್ಟಲ್ಲೆಲ್ಲ ಇಳಿಜಾರು. ಎಸ್ಟೇಟ್ ರೈಟರ್ ಅಂದ್ರೆ ಕೂತು ಲೆಕ್ಕ ಬರೆಯೋ ಕೆಲಸ ಅಂತ ಊರವರು ತಿಳ್ಕೊಂಡಿದ್ದಾರೆ. ಬೆಳಿಗ್ಗೆ ಹಾಜರಿ ಹಾಕಿ ಚೆಕ್‌ರೋಲ್, ಅಂದ್ರೆ ಆಳುಗಳ ಲೆಕ್ಕದ ಪುಸ್ತಕ, ಬರೆದು ಹೊರಟರೆ ಸಂಜೆ ಹಣ್ಣಿನ ತೂಕ ಮುಗಿಯೋ ತನಕ ಹತ್ತೋದು ಇಳಿಯೋದೇ. ರಾತ್ರಿ ಮಂಡಿ ಹಿಡ್ಕೊಳ್ತಿತ್ತು. ಒಂದು ಮೆಡಿಕಲ್ ಶಾಪಲ್ಲಿ ಹೇಳ್ಕೊಂಡೆ, ಡೈಕ್ಲೋಫೆನಾಕ್ ಅನ್ನೋ ನೋವಿನ ಮಾತ್ರೆ ಕೊಟ್ರು. ಒಂದು ನುಂಗಿದ್ರೆ ಬೆಳಿಗ್ಗೆಗೆ ನೋವಿನ ಸುಳಿವೇ ಇಲ್ಲ. ಮತ್ತೆ ಹೋದೆ, ಮತ್ತೆ ಕೊಟ್ರು, ಡಾಕ್ಟರ ಚೀಟಿ ಯಾರೂ ಕೇಳಲಿಲ್ಲ. ತಿಂಡಿ ತಿನ್ನೋದಕ್ಕೆ ಹನ್ನೊಂದಾಗ್ತಿತ್ತು, ಮಾತ್ರೆ ಮಾತ್ರ ಆರು ಗಂಟೆಗೇ ಬೆಲ್ಲದ ಕಾಫಿ ಜೊತೆ ಹೋಗ್ತಿತ್ತು. ಸುಮಾರು ಎರಡು ವರ್ಷ.

ಹೊಟ್ಟೆನೋವು ಯಾವತ್ತು ಬಂತು ಅಂತ ಹೇಳೋಕಾಗಲ್ಲ. ಎದೆಗೂಡಿನ ಕೆಳಗೆ, ಹೊಕ್ಕುಳಿಗಿಂತ ಮೇಲೆ, ಒಂದೇ ಬೆರಳಿಟ್ಟು ತೋರಿಸಬಹುದಾದಷ್ಟು ಜಾಗ. ಉಂಡು ಸ್ವಲ್ಪ ಹೊತ್ತಿಗೆ ಅಲ್ಲಿ ಗಾಯಕ್ಕೆ ನಿಂಬೆರಸ ಬಿದ್ದ ಹಾಗೆ ಉರಿ. ಜೀರಿಗೆ ಕಷಾಯ ಕುಡಿದೆ, ಓಂಕಾಳು ಜಗಿದೆ, ಸೋಡಾ ಕುಡಿದೆ. ತಣ್ಣನೆ ಹಾಲು ಕುಡಿದಾಗ ಹಾಯಾಗ್ತಿತ್ತು, ಸ್ವಲ್ಪ ಹೊತ್ತು ಕಳೆದ ಮೇಲೆ ಮತ್ತೆ ಅದೇ ಉರಿ. ಬಟ್ಟಿ ಬಿದ್ದಿರಬೇಕು ಅಂತ ಅಮ್ಮ ಹೊಟ್ಟೆ ನೀವಿಸಿದ್ರು. ಅದೇ ಅಂಗಡಿಯಲ್ಲಿ ಗ್ಯಾಸ್ಟ್ರಿಕ್ ಮಾತ್ರೆ ಕೊಟ್ರು, ಅದು ತಿಂದಾಗ ಕಡಿಮೆ, ಬಿಟ್ರೆ ಮೊದಲಿನ ಹಾಗೇ. ಉಣ್ಣೋಕೇ ಹೆದರಿಕೆ ಹುಟ್ಟಿತು. ಮುದ್ದೆ ನೋಡಿದ್ರೆ ಆಸೆ, ಕೈ ಹಾಕೋಕೆ ಭಯ. ಬೆಲ್ಟಿಗೆ ಹೊಸ ತೂತು ಕೊರೆದೆ. ನಮ್ಮನೆಯವಳು ಕೇಳಿದಾಗೆಲ್ಲ ನಾನೂ ಒಂದೇ ಪದ ಹೇಳ್ತಿದ್ದೆ. ಗ್ಯಾಸ್ಟ್ರಿಕ್. ಆ ಪದ ಹೇಳಿದ ಕೂಡಲೇ ಕೇಳಿದವರೂ ಸುಮ್ಮನಾಗ್ತಿದ್ರು, ನನ್ನ ಮನಸ್ಸೂ ಸುಮ್ಮನಾಗ್ತಿತ್ತು. ನನ್ನ ಕಾಯಿಲೆ ಎರಡು ವರ್ಷ ಆ ಪದದ ಹಿಂದೇನೇ ಬೆಳೀತು ಕಣೋ.

ಡಿಸೆಂಬರ್, ಅರೇಬಿಕಾ ಕುಯ್ಲಿನ ಭರ. ಮೂರು ದಿನದಿಂದ ಕಕ್ಕಸಿಗೆ ಹೋದ್ರೆ ಕಪ್ಪಗೆ ಹೋಗ್ತಿತ್ತು. ಬರೀ ಕಪ್ಪಲ್ಲ, ರಸ್ತೆಗೆ ಹಾಕೋ ಡಾಂಬರಿನ ಹಾಗೆ ಅಂಟಂಟು, ನೀರು ಹಾಕಿದ್ರೂ ಜಾರದೆ ಕೂತ್ಕೋತಿತ್ತು, ಯಾವತ್ತೂ ಬರದ ಒಂದು ಕೆಟ್ಟ ನಾತ. ನಾಚಿಕೆಯಿಂದ ಯಾರಿಗೂ ಹೇಳಲಿಲ್ಲ. ನಾಲ್ಕನೇ ದಿನ ಮೇಲಿನ ಬ್ಲಾಕಿಗೆ ಹತ್ತುವಾಗ ಏದುಸಿರು ಬಂತು, ಕಣ್ಣು ಕತ್ತಲೆ ಬಂತು, ಸಿಲ್ವರ್ ಓಕ್ ಮರ ತಬ್ಬಿಕೊಂಡು ಅಲ್ಲೇ ಕೂತೆ. ಆಳುಗಳು ಎತ್ತಿಕೊಂಡು ಬಂದು ಜೀಪಿಗೆ ಹಾಕಿದ್ರು.

ಚಿಕ್ಕಮಗಳೂರಿನ ಆಸ್ಪತ್ರೇಲಿ ಡಾಕ್ಟರು ಮೊದಲು ನನ್ನ ಕೆಳಗಿನ ರೆಪ್ಪೆ ಎಳೆದು ನೋಡಿದ್ರು. ಎರಡನೇ ಪ್ರಶ್ನೆಯೇ "ಮೋಷನ್ ಕಪ್ಪಗೆ ಹೋಗ್ತಿದೆಯಾ?" ನಾನು ತಲೆ ತಗ್ಗಿಸಿ ಹೌದು ಅಂದೆ. ಮೂರನೇದು, "ನೋವಿನ ಮಾತ್ರೆ ಏನಾದ್ರೂ ತಗೋತೀರಾ?" ಎರಡು ವರ್ಷದಲ್ಲಿ ಈ ಎರಡು ಪ್ರಶ್ನೇನ ನನಗೆ ಯಾರೂ ಕೇಳಿರಲಿಲ್ಲ. ಹಿಮೋಗ್ಲೋಬಿನ್ 6.8 ಬಂತು. ಗಂಡಸರಿಗೆ 13ರ ಮೇಲೆ ಇರಬೇಕಂತೆ. ಹೊಟ್ಟೆಯೊಳಗೆ ರಕ್ತ ಒಸರಿ ಕರುಳಲ್ಲಿ ಇಳೀತಾ ಇಳೀತಾ ಕಪ್ಪಾಗಿ ಹೊರಗೆ ಬರ್ತಿತ್ತು. ಎರಡು ಬಾಟಲಿ ರಕ್ತ ಕೊಟ್ರು, ಆಸಿಡ್ ತಗ್ಗಿಸೋ ಇಂಜೆಕ್ಷನ್ ಹಾಕಿದ್ರು, ಮರುದಿನವೇ ಎಂಡೋಸ್ಕೋಪಿ, ಅಂದ್ರೆ ಬಾಯಿಂದ ಕೊಳವೆ ಇಳಿಸಿ ಹೊಟ್ಟೆಯೊಳಗೆ ನೋಡೋದು, ಅಂದ್ರು.

ನೀನು ಇದಕ್ಕೇ ಹೆದರ್ತಿದ್ದೀಯ ಅಂತ ತಂಗಿ ಹೇಳಿದ್ಲು, ಅದಕ್ಕೆ ನಡೆದದ್ದು ನಡೆದ ಹಾಗೆ ಹೇಳ್ತೀನಿ. ಗಂಟಲು ಮರಗಟ್ಟೋಕೆ ಲಿಗ್ನೋಕೇನ್ ಸ್ಪ್ರೇ ಹೊಡೀತಾರೆ, ಕಹಿ ಇರುತ್ತೆ. ಎರಡು ನಿಮಿಷಕ್ಕೆ ಗಂಟಲು ದಪ್ಪಗಾಗಿ, ಎಂಜಲು ನುಂಗಿದ್ರೂ ಗೊತ್ತಾಗಲ್ಲ. ಎಡಮಗ್ಗುಲಿಗೆ ಮಲಗಿಸಿ ಹಲ್ಲಿನ ಮಧ್ಯೆ ಒಂದು ಪ್ಲಾಸ್ಟಿಕ್ ಬಳೆ ಕಚ್ಚಿಸ್ತಾರೆ. ಕಿರುಬೆರಳಿನಷ್ಟು ದಪ್ಪದ ಕಪ್ಪು ಕೊಳವೆ ಅದರೊಳಗಿಂದ ಹೋಗುತ್ತೆ. ಗಂಟಲು ದಾಟುವಾಗ ಒಂದು ಸಲ ವಾಂತಿ ಒತ್ತರಿಸಿ ಬರುತ್ತೆ, ಆ ಒಂದು ಕ್ಷಣ ಕಷ್ಟವೇ, ಸುಳ್ಳು ಹೇಳಲ್ಲ. ಆಮೇಲೆ ಮೂಗಲ್ಲಿ ನಿಧಾನ ಉಸಿರು ಎಳೆದ್ರೆ ಆಯ್ತು. ಜೊಲ್ಲು ಸುರಿಯುತ್ತೆ, ಸುರಿಯೋಕೆ ಬಿಡು. ನರ್ಸಮ್ಮ ಪೂರ್ತಿ ಹೊತ್ತು ನನ್ನ ಭುಜದ ಮೇಲೆ ಕೈ ಇಟ್ಟಿದ್ರು, ಅವರ ಮುಖ ನೆನಪಿಲ್ಲ, ಆ ಕೈ ನೆನಪಿದೆ. ಐದಾರು ನಿಮಿಷದಲ್ಲಿ ಮುಗೀತು.

ನನ್ನ ತಲೆ ಸ್ಕ್ರೀನ್ ಕಡೆಗೇ ಇತ್ತು. ಹೊಟ್ಟೆಯ ಒಳಗೋಡೆ ನಸುಗೆಂಪು, ಒದ್ದೆ, ಮಡಿಕೆ ಮಡಿಕೆ. ಕೆಳಗೆ ಹೋಗ್ತಾ ಒಂದು ಕಡೆ ಗುಳಿ ಬಿದ್ದಿತ್ತು. ಬಾಯಿ ಹುಣ್ಣು ನೋಡಿದ್ದೀಯಲ್ಲ, ನಡುವೆ ಬಿಳಿ, ಸುತ್ತ ಕೆಂಪು ಅಂಚು, ಥೇಟ್ ಹಾಗೇ. ಗಾತ್ರ ಒಂದು ಕಾಫಿ ಬೀಜದಷ್ಟು. ಅಷ್ಟೇ ಅಷ್ಟು ಜಾಗ ನನ್ನ ಅರ್ಧ ರಕ್ತ ಕುಡಿದಿತ್ತು. ಅಷ್ಟು ಹೊತ್ತಿಗೆ ರಕ್ತ ತಾನಾಗಿ ನಿಂತಿತ್ತು, ಪುಣ್ಯ. ಹುಣ್ಣಿನ ಅಂಚಿಂದ ಚೂರು ಚೂರು ತೆಗೆದು ಬಯಾಪ್ಸಿಗೆ ಕಳಿಸಿದ್ರು. ಹೊಟ್ಟೆಯ ಹುಣ್ಣಲ್ಲಿ ಕೆಲವು ಕ್ಯಾನ್ಸರ್ ಆಗಿರಬಹುದು, ಕಣ್ಣಲ್ಲಿ ನೋಡಿದ್ರೆ ಖಚಿತ ಹೇಳೋಕಾಗಲ್ಲ ಅಂದ್ರು. ರಿಪೋರ್ಟ್ ಬರೋ ತನಕ ನಾವಿಬ್ಬರೂ ಆ ಪದಾನ ಬಾಯಿಬಿಟ್ಟು ಆಡಲಿಲ್ಲ. ಕ್ಯಾನ್ಸರ್ ಇರಲಿಲ್ಲ.

ಇನ್ನೊಂದು ಚೂರನ್ನು ಅಲ್ಲೇ ನನ್ನೆದುರಿಗೇ ಒಂದು ಪುಟ್ಟ ಪಟ್ಟಿಯ ಹಳದಿ ಔಷಧಿಯೊಳಗೆ ಹಾಕಿದ್ರು. ನಾನು ಬಾಯಿ ಒರೆಸ್ಕೊಂಡು ಎದ್ದು ಕೂತು ಸುಧಾರಿಸ್ಕೊಳ್ಳೋ ಹೊತ್ತಿಗೆ ಚೂರಿನ ಸುತ್ತ ಹಳದಿ ಹೋಗಿ ಗುಲಾಬಿ ಬಣ್ಣ ಹರಡ್ತಾ ಇತ್ತು. "ನೋಡಿ, ಇಲ್ಲಿದ್ದಾನೆ" ಅಂದ್ರು ಡಾಕ್ಟರು. ಹೆಲಿಕೋಬ್ಯಾಕ್ಟರ್ ಪೈಲೋರಿ ಅನ್ನೋ ಬ್ಯಾಕ್ಟೀರಿಯಾ. ಹೊಟ್ಟೆಯ ಆಸಿಡ್ಡಲ್ಲಿ ಬದುಕೋಕೆ ಅದು ತನ್ನ ಸುತ್ತ ಅಮೋನಿಯಾ ಮಾಡ್ಕೊಳ್ಳುತ್ತೆ, ಬಣ್ಣ ತಿರುಗೋದು ಅದರಿಂದಾನೇ. ಸಾಮಾನ್ಯವಾಗಿ ಚಿಕ್ಕಂದಿನಲ್ಲೇ ಸೇರ್ಕೊಳ್ಳುತ್ತಂತೆ. ನಮ್ಮ ದೇಶದಲ್ಲಿ ತುಂಬ ಜನರ ಹೊಟ್ಟೇಲಿದೆ, ಎಲ್ಲರಿಗೂ ಹುಣ್ಣಾಗಲ್ಲ. ನನ್ನ ಹೊಟ್ಟೇಲಿ ಇದು ಕೂತಿರುವಾಗಲೇ ಮೇಲಿಂದ ನಾನು ಮಂಡಿನೋವಿನ ಮಾತ್ರೆ ಸುರೀತಿದ್ದೆ. ಗೋಡೆಯನ್ನ ಕಾಯೋ ಲೋಳೆಯನ್ನ ಆ ಮಾತ್ರೆ ತೆಳು ಮಾಡುತ್ತೆ. ಎರಡೂ ಸೇರಿದ್ವು.

ಮನೆಗೆ ಬಂದ ಮೇಲೆ ಹುಡುಕಿ ಓದಿದೆ. 1982ರ ತನಕ ಲೋಕದ ದೊಡ್ಡ ದೊಡ್ಡ ಡಾಕ್ಟರುಗಳೂ ಈ ಹೊಟ್ಟೆ ಹುಣ್ಣು, ಅಂದ್ರೆ ಅಲ್ಸರ್, ಬರೋದು ಚಿಂತೆ, ಖಾರ, ಆಸಿಡ್‌ನಿಂದ ಅಂತಲೇ ನಂಬಿದ್ರಂತೆ. ಆಸ್ಟ್ರೇಲಿಯಾದ ಪರ್ತ್ ಊರಲ್ಲಿ ರಾಬಿನ್ ವಾರನ್, ಬ್ಯಾರಿ ಮಾರ್ಷಲ್ ಅನ್ನೋ ಇಬ್ಬರು ಈ ಬ್ಯಾಕ್ಟೀರಿಯಾನ ಬೆಳೆಸಿ ತೋರಿಸಿದ್ರೂ ಬಹಳ ಜನ ಒಪ್ಪಲಿಲ್ಲ. 1984ರಲ್ಲಿ ಮಾರ್ಷಲ್ ಅದನ್ನ ತಾವೇ ಕುಡಿದ್ರು. ಕೆಲವೇ ದಿನದಲ್ಲಿ ವಾಂತಿ, ಹೊಟ್ಟೆಯೊಳಗೆ ಉರಿಯೂತ. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಓದ್ತಾ ಓದ್ತಾ ನನಗೆ ಕಣ್ಣು ತುಂಬಿತು. ಹಿಂದೆಲ್ಲ ಇದಕ್ಕೆ ಹೊಟ್ಟೆ ಕೊಯ್ದು ಆಪರೇಷನ್ ಮಾಡ್ತಿದ್ರು, ನನ್ನ ದೊಡ್ಡಪ್ಪ ಹೊಟ್ಟೆ ಹುಣ್ಣಲ್ಲೇ ಸವೆದು ಸವೆದು ಹೋದ್ರು. ನನಗೆ ಹದಿನಾಲ್ಕು ದಿನದ ಮಾತ್ರೇಲಿ ಮುಗೀತು.

ಆ ಹದಿನಾಲ್ಕು ದಿನ ಸುಲಭ ಇರಲಿಲ್ಲ, ಅದನ್ನೂ ಹೇಳಬೇಕು. ಬ್ಯಾಕ್ಟೀರಿಯಾ ಕೊಲ್ಲೋಕೆ ಕ್ಲಾರಿಥ್ರೊಮೈಸಿನ್ 500 ಮಿಲಿಗ್ರಾಂ, ಅಮಾಕ್ಸಿಸಿಲಿನ್ ಒಂದು ಗ್ರಾಂ, ಜೊತೆಗೆ ಆಸಿಡ್ ತಗ್ಗಿಸೋಕೆ ಪ್ಯಾಂಟೊಪ್ರಜೋಲ್ 40 ಮಿಲಿಗ್ರಾಂ, ಬೆಳಿಗ್ಗೆ ರಾತ್ರಿ ಎರಡು ಹೊತ್ತು. ಪ್ಯಾಂಟೊಪ್ರಜೋಲ್ ಊಟಕ್ಕೆ ಅರ್ಧ ಗಂಟೆ ಮುಂಚೆ ತಗೋಬೇಕು. ಉಂಡ ಮೇಲೆ ನೆನಪಾಗಿ ನುಂಗಿದ್ರೆ ಅದು ಸರಿಯಾಗಿ ಕೆಲಸ ಮಾಡಲ್ಲ. ಮೂರನೇ ದಿನದಿಂದ ಬಾಯಲ್ಲಿ ತಾಮ್ರದ ಕಾಸು ಇಟ್ಕೊಂಡ ಹಾಗೆ ಒಂದು ರುಚಿ, ನೀರು ಕುಡಿದ್ರೂ ಅದೇ. ಐದನೇ ದಿನ ಭೇದಿ. ಸಾಕು ಅಂತ ಮಾತ್ರೆ ಪಕ್ಕಕ್ಕಿಟ್ಟೆ. ಡಾಕ್ಟರಿಗೆ ಫೋನ್ ಹಚ್ಚಿದಾಗ ಅವರು ಬಿಡಬೇಡಿ ಅಂತ ಸ್ಪಷ್ಟ ಹೇಳಿದ್ರು. ಅರ್ಧಕ್ಕೆ ನಿಲ್ಲಿಸಿದ್ರೆ ಉಳಿದ ಬ್ಯಾಕ್ಟೀರಿಯಾ ಆ ಔಷಧಿಗೆ ಬಗ್ಗದ ಹಾಗೆ ಆಗುತ್ತೆ, ನಮ್ಮಲ್ಲಿ ಕ್ಲಾರಿಥ್ರೊಮೈಸಿನ್‌ಗೆ ಬಗ್ಗದ್ದು ಈಗಾಗಲೇ ಬಹಳ ಇದೆ, ಇದು ಆಗದಿದ್ರೆ ಬಿಸ್ಮತ್ ಅನ್ನೋ ಔಷಧಿ ಸೇರಿಸಿ ಬೇರೆ ಕೋರ್ಸ್ ಕೊಡಬೇಕಾಗುತ್ತೆ ಅಂದ್ರು. ನಮ್ಮನೆಯವಳು ಗೋಡೆ ಕ್ಯಾಲೆಂಡರಲ್ಲಿ ಒಂದೊಂದು ಹೊತ್ತಿಗೂ ಗೀಟು ಎಳೀತಿದ್ಲು. ಇಪ್ಪತ್ತೆಂಟು ಗೀಟು. ಆ ಹಾಳೆ ಹರಿಯದೆ ಇಟ್ಕೊಂಡಿದ್ದೀನಿ.

ಆಸಿಡ್ ಮಾತ್ರೆ ಒಟ್ಟು ಎಂಟು ವಾರ ನಡೀತು. ಫೆಬ್ರವರೀಲಿ ಮತ್ತೆ ಎಂಡೋಸ್ಕೋಪಿ, ಗುಳಿ ಇದ್ದ ಕಡೆ ಬಿಳಿ ಕಲೆ ಮಾತ್ರ ಇತ್ತು. ಎರಡು ವಾರ ಆಸಿಡ್ ಮಾತ್ರೆ ನಿಲ್ಲಿಸಿ ಮಲದ ಪರೀಕ್ಷೆ ಮಾಡಿಸಿದ್ರು, ಬ್ಯಾಕ್ಟೀರಿಯಾ ಹೋಗಿದೆ ಅಂತ ಬಂತು. ರಿಪೋರ್ಟ್ ಹಿಡ್ಕೊಂಡು ತೋಟಕ್ಕೆ ವಾಪಸ್ ಬಂದ ವಾರವೇ ಕಾಫಿ ಹೂ ಅರಳಿಸೋ ಹೂಮಳೆ ಬಿತ್ತು.

ಕಾಫಿ ಬಿಡಬೇಕಾ ಅಂತ ನೀನು ಕೇಳೇ ಕೇಳ್ತೀಯ. ಊರೆಲ್ಲ ನನಗೆ ಅದನ್ನೇ ಹೇಳಿತ್ತು, ಕಾಫಿ ಬಿಡು, ಖಾರ ಬಿಡು, ತಲೆ ಕೆಡಿಸ್ಕೋಬೇಡ ಅಂತ. ಹುಣ್ಣು ಹಸಿ ಇರುವಾಗ ಇವು ಉರಿ ಹೆಚ್ಚಿಸ್ತವೆ ನಿಜ, ಆಗ ಬಿಟ್ಟಿದ್ದೆ. ಆದ್ರೆ ಹುಣ್ಣು ಮಾಡಿದ್ದು ಅವಲ್ಲ. ಖಾರ ಬಿಟ್ಟು ಸಪ್ಪೆ ಉಂಡುಕೊಂಡು, ಅದೇ ಕೈಯಲ್ಲಿ ನೋವಿನ ಮಾತ್ರೆ ನುಂಗ್ತಿದ್ದವನು ನಾನು. ಈಗ ತಿಂಡಿ ಆದ ಮೇಲೆ ಒಂದು ಲೋಟ ಕುಡೀತೀನಿ. ಬೀಡಿ ಪೂರ್ತಿ ಬಿಟ್ಟಿದ್ದೀನಿ. ಹೊಗೆ ಹುಣ್ಣು ಮಾಯೋಕೆ ಬಿಡಲ್ಲ, ನೀನೂ ಬಿಡಬೇಕು.

ಈಗ ನಿನ್ನ ವಿಷಯ. ಕೊಬ್ಬರಿ ಚೀಲ ಹೊತ್ತು ಹೊತ್ತು ನಿನ್ನ ಸೊಂಟ ಹೋಗಿದೆ, ಜೇಬಲ್ಲಿ ಯಾವಾಗಲೂ ನೋವಿನ ಮಾತ್ರೆಯ ಒಂದು ಸ್ಟ್ರಿಪ್ ಇರುತ್ತೆ, ನಾನೇ ನೋಡಿದ್ದೀನಿ. ಇವತ್ತಿಂದ ಅದನ್ನ ನಿಲ್ಲಿಸು. ಆದ್ರೆ ನಿಮ್ಮಪ್ಪನಿಗೆ ಹಾರ್ಟಿಗೆ ಕೊಟ್ಟಿರೋ ಆಸ್ಪಿರಿನ್ ಇದೆಯಲ್ಲ, ಅದೂ ಇದೇ ಜಾತಿ ಮಾತ್ರೆಯೇ, ಆದ್ರೂ ಈ ಪತ್ರ ಓದಿ ಅದನ್ನ ನಿಲ್ಲಿಸೋಕೆ ಹೋಗಬೇಡ, ಅವರ ಡಾಕ್ಟರನ್ನೇ ಕೇಳು. ನಮಗಿಬ್ಬರಿಗೂ ಐವತ್ತು ದಾಟಿತು. ಈ ವಯಸ್ಸಲ್ಲಿ ಹೊಸದಾಗಿ ಹೊಟ್ಟೆನೋವು, ಜೊತೆಗೆ ತೂಕ ಇಳಿಯೋದು, ನಾಲ್ಕು ತುತ್ತಿಗೇ ಹೊಟ್ಟೆ ತುಂಬೋದು ಇದ್ರೆ ಕೊಳವೆ ಹಾಕಿ ನೋಡಲೇಬೇಕು ಅಂತ ನನ್ನ ಡಾಕ್ಟರು ಹೇಳಿದ್ದಾರೆ. ಈ ಮೂರೂ ನಿನಗಿದೆ.

ಗುರುವಾರ ನಾನು ರಜ ಹಾಕಿದ್ದೀನಿ. ಬೇಲೂರು ಮೇಲೆ ಬಸ್ಸಲ್ಲಿ ಹಾಸನಕ್ಕೆ ಬರ್ತೀನಿ. ನೀನು ಅರಸೀಕೆರೆಯಿಂದ ಬೆಳಿಗ್ಗೆ ರೈಲಿಗೆ ಬಾ, ಸ್ಟೇಷನ್ ಹೊರಗೆ ನಿಂತಿರ್ತೀನಿ. ಬುಧವಾರ ರಾತ್ರಿ ಬೇಗ ಉಂಡು ಮಲಗು, ಬೆಳಿಗ್ಗೆ ಕಾಫಿಯನ್ನೂ ಕುಡೀಬೇಡ, ಅವತ್ತೇ ಎಂಡೋಸ್ಕೋಪಿ ಮಾಡ್ತೀನಿ ಅಂದ್ರೆ ಹೊಟ್ಟೆ ಖಾಲಿ ಇರಬೇಕು. ನುಂಗ್ತಿರೋ ಎಲ್ಲ ಮಾತ್ರೆಗಳ ಸ್ಟ್ರಿಪ್ ತಗೊಂಡು ಬಾ. ಗ್ಯಾಸ್ಟ್ರಿಕ್ ಮಾತ್ರೆ ತಿಂತಿರೋದನ್ನ ಡಾಕ್ಟರಿಂದ ಮುಚ್ಚಿಡಬೇಡ, ಅದು ಹೊಟ್ಟೇಲಿದ್ರೆ ಬ್ಯಾಕ್ಟೀರಿಯಾ ಇದ್ರೂ ಪರೀಕ್ಷೇಲಿ ಇಲ್ಲ ಅಂತ ಬರಬಹುದು. ತಂಗೀನೂ ಕರ್ಕೊಂಡು ಬಾ, ಫೋನ್ ಮಾಡಿದ್ದಕ್ಕೆ ಅವಳನ್ನ ಬಯ್ಯಬೇಡ.

ಒಂದು ವೇಳೆ ಅಷ್ಟರೊಳಗೆ ಮೋಷನ್ ಕಪ್ಪಗೆ ಹೋದ್ರೆ, ಇಲ್ಲಾ ವಾಂತೀಲಿ ರಕ್ತ ಕಂಡ್ರೆ, ಗುರುವಾರ ಅಂತ ಕಾಯಬೇಡ. ಎಷ್ಟೇ ರಾತ್ರಿ ಆಗಿರಲಿ ಆಸ್ಪತ್ರೆಗೆ ಹೊರಡು, ದಾರೀಲಿ ನನಗೆ ಫೋನ್ ಮಾಡು. ನಾವಿರೋ ಎಸ್ಟೇಟ್ ಲೈನ್ ಮನೇಲಿ ಸಿಗ್ನಲ್ ಸಿಗಲ್ಲ, ಅದಕ್ಕೆ ಈ ವಾರ ಪೂರ್ತಿ ರಾತ್ರಿ ಫೋನನ್ನ ಕಣದ ಹತ್ರದ ಆಫೀಸಲ್ಲೇ ಇಟ್ಕೊಂಡು ಮಲಗ್ತೀನಿ.

ನಿನ್ನ,
ಆಲ್ದೂರಿನ ರೈಟರ್